ಕಂಜೂರ್‌ಮಾರ್ಗದಿಂದ ಹತ್ತರವರೆಗೆ

ಅಮೆರಿಕದ ಪುಸ್ತಕದಂಗಡಿಗಳಲ್ಲಿ ಎರಡು ಮೂರು ವರ್ಷದ ಮಕ್ಕಳಿಗೆಂದೇ ಒಂದು ಬಗೆಯ ಪುಸ್ತಕಗಳು ಸಿಗುತ್ತವೆ. ಹಾಳೆಗಳು ದಪ್ಪ ರಟ್ಟಿನವು, ಮೂಲೆಗಳು ದುಂಡಗೆ. ಮಗು ಬಾಯಿಗಿಟ್ಟುಕೊಂಡರೂ ಹರಿಯುವುದಿಲ್ಲ. ಒಂದೊಂದು ಪುಸ್ತಕಕ್ಕೂ ಒಂದೊಂದು ಊರು. ಒಂದು ಗೋಪುರ, ಎರಡು ಸೇತುವೆ, ಮೂರು ದೋಣಿ ಎಂದು ಎಣಿಸುತ್ತ ಹತ್ತಕ್ಕೆ ಬರುವ ಹೊತ್ತಿಗೆ ಚಿತ್ರದ ಆಕಾಶ ಕಪ್ಪಾಗುತ್ತದೆ, ಕಿಟಕಿಗಳಲ್ಲಿ ದೀಪ ಕಾಣುತ್ತದೆ, ಊರು ಮಲಗುತ್ತದೆ. ಅಷ್ಟರಲ್ಲಿ ಮಗುವೂ ಮಲಗಿರಲಿ ಎಂಬುದು ಓದುತ್ತಿರುವವರ ಆಸೆ.

ಇವುಗಳಿಗೆ ಹಿರಿಯರಿದ್ದಾರೆ. 1941ರಲ್ಲಿ ರಾಬರ್ಟ್ ಮೆಕ್ಲಾಸ್ಕಿ ‘ಮೇಕ್ ವೇ ಫಾರ್ ಡಕ್ಲಿಂಗ್ಸ್’ ಎಂಬ ಚಿತ್ರಪುಸ್ತಕ ಬರೆದ. ಬಾಸ್ಟನ್ ನಗರದಲ್ಲಿ ತಾಯಿಬಾತುಕೋಳಿಯೊಂದು ಎಂಟು ಮರಿಗಳನ್ನು ಸಾಲಾಗಿ ನಡೆಸಿಕೊಂಡು ರಸ್ತೆ ದಾಟಿ ಪಾರ್ಕಿಗೆ ಹೋಗುತ್ತದೆ. ಪೊಲೀಸಪ್ಪ ವಾಹನಗಳನ್ನು ತಡೆದು ದಾರಿ ಬಿಡಿಸುತ್ತಾನೆ. ಆ ಪಾರ್ಕಿನಲ್ಲಿ 1987ರಲ್ಲಿ ಆ ತಾಯಿ ಮತ್ತು ಮರಿಗಳ ಕಂಚಿನ ಮೂರ್ತಿಗಳನ್ನೇ ನಿಲ್ಲಿಸಿದರು. ಅದು ಎಣಿಕೆಯ ಪುಸ್ತಕವಲ್ಲ. ಆದರೂ ಓದುವ ಮಗು ಪ್ರತಿ ಪುಟದಲ್ಲೂ ಬೆರಳಿಟ್ಟು ಎಣಿಸುತ್ತದೆ: ಎಂಟೂ ಬಂದವೋ ಇಲ್ಲವೋ? ದೊಡ್ಡ ಊರೆಂದರೆ ನಮ್ಮವರು ತಪ್ಪಿಹೋಗಬಹುದಾದ ಜಾಗ ಎಂಬುದು ಮಗುವಿಗೆ ಯಾರೂ ಹೇಳದೆಯೇ ಗೊತ್ತು.

ನಮ್ಮಲ್ಲಿ ಎಣಿಕೆ ಕಲಿಸಿದ್ದು ಊರಲ್ಲ, ಊಟ. ಕನ್ನಡದ ಮನೆಗಳಲ್ಲಿ ಮಕ್ಕಳು ಬಾಯಿಪಾಠ ಮಾಡುವ ಎಣಿಕೆ ಹಾಡು ಬಾಳೆಲೆಯಿಂದ ಶುರುವಾಗಿ, ಅನ್ನ ಸಾರು ಪಲ್ಯಗಳನ್ನು ದಾಟಿ, ಎಲೆ ಎತ್ತುವಲ್ಲಿಗೆ ಮುಗಿಯುತ್ತದೆ. ಹತ್ತೆಂದರೆ ಹೊಟ್ಟೆ ತುಂಬಿತು ಎಂದರ್ಥ. ಧಾರವಾಡದಿಂದ ಡೊಂಬಿವಲಿಗೆ ಬಂದ ಅಜ್ಜಿಯೊಬ್ಬರು ಮೂರು ವರ್ಷದ ಮೊಮ್ಮಗಳಿಗೆ ಕಲಿಸಿದ್ದೂ ಅದನ್ನೇ. ಮಗು ಬಾಲವಾಡಿಯಲ್ಲಿ ಏಕ್, ದೋನ್, ತೀನ್ ಅನ್ನುತ್ತಿತ್ತು. ಟಿವಿಯ ಮುಂದೆ ವನ್, ಟೂ, ತ್ರೀ. ಮಲಗುವಾಗ ಮಾತ್ರ ಒಂದು, ಎರಡು, ಮೂರು.

ಆ ಮನೆಗೊಂದು ಮುಂಬಯಿ ಪುಸ್ತಕ ಉಡುಗೊರೆಯಾಗಿ ಬಂತು. ಒಂದು ಗೇಟ್‌ವೇ ಆಫ್ ಇಂಡಿಯಾ, ಎರಡು ಅಂತಸ್ತಿನ ಕೆಂಪು ಬಸ್ಸು, ಹೀಗೆ. ಚಿತ್ರಗಳು ಚೆನ್ನಾಗಿದ್ದವು. ಆದರೆ 1924ರಲ್ಲಿ ಕಟ್ಟಿ ಮುಗಿಸಿದ ಗೇಟ್‌ವೇಯನ್ನು ಆ ಮಗು ನೋಡಿರಲಿಲ್ಲ. ಹಳೆಯ ಡೀಸೆಲ್ ಡಬಲ್ ಡೆಕರ್ ಬಸ್ಸುಗಳು 2023ರ ಸೆಪ್ಟೆಂಬರಿನಲ್ಲಿ ರಸ್ತೆಯಿಂದ ಇಳಿದಿದ್ದವು. ಡೊಂಬಿವಲಿಯ ಎರಡನೆಯ ಮಹಡಿಯಲ್ಲಿರುವ ಮಗುವಿಗೆ ಮುಂಬಯಿ ಅಂದರೆ ಬೇರೆಯೇ ಒಂದು ಸಂಗತಿ. ಬೆಳಿಗ್ಗೆ ಎಂಟಕ್ಕೆ ಅವ್ವನನ್ನು ಕರೆದೊಯ್ದು ರಾತ್ರಿ ಎಂಟರ ಹೊತ್ತಿಗೆ ಹಿಂದಿರುಗಿಸುವ ಜಾಗ ಅದು. ಅಪ್ಪ ಕೆಲಸಕ್ಕೆ ಪುಣೆಯಲ್ಲಿದ್ದ, ಶನಿವಾರ ಬರುತ್ತಿದ್ದ. “ಅವ್ವಾ, ನೀ ಹೋಗೂದು ಎಲ್ಲಿಗೆ?” ಎಂದು ಮಗು ಕೇಳಿದಾಗ ಉಡುಗೊರೆಯ ಪುಸ್ತಕದ ಯಾವ ಪುಟದಲ್ಲೂ ಉತ್ತರವಿರಲಿಲ್ಲ.

ಮಕ್ಕಳಿಗೆ ಕನ್ನಡದಲ್ಲಿ ಪುಸ್ತಕಗಳೇ ಇಲ್ಲವೆಂದಲ್ಲ. ಪ್ರಥಮ್ ಬುಕ್ಸ್‌ನವರು, ಚೆನ್ನೈಯ ತೂಲಿಕಾದವರು ತರುತ್ತಾರೆ. 2015ರಲ್ಲಿ ಶುರುವಾದ ಸ್ಟೋರಿವೀವರ್‌ನಲ್ಲಿ ಯಾರು ಬೇಕಾದರೂ ಉಚಿತವಾಗಿ ಓದಬಹುದು, ತಾವೇ ಒಂದನ್ನು ಕಟ್ಟಲೂಬಹುದು. ಆ ತಾಯಿಗೆ ಬೇಕಾಗಿದ್ದುದು ಒಬ್ಬಳೇ ಓದುಗಳಿಗೆ ಸಲ್ಲುವ ಪುಸ್ತಕ. ಒಂದು ಭಾನುವಾರ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಹತ್ತು ಹಾಳೆ ಹರಿದು, ದಾರ ಹಾಕಿ ಹೊಲಿದು, ಮಗಳ ಕ್ರೆಯಾನಿನಲ್ಲೇ ಬರೆದಳು. ಅವಳ ಆಫೀಸು ಇದ್ದುದು ಕಂಜೂರ್‌ಮಾರ್ಗದಲ್ಲಿ. ಸ್ಲೋ ಲೋಕಲ್ಲಿನಲ್ಲಿ ಅಲ್ಲಿಂದ ಮನೆಗೆ ಎಣಿಸಿ ಹತ್ತೇ ಸ್ಟೇಷನ್: ಒಂದು ಕಂಜೂರ್‌ಮಾರ್ಗ, ಎರಡು ಭಾಂಡುಪ್, ಮೂರು ನಾಹೂರ್, ನಾಲ್ಕು ಮುಲುಂಡ್, ಐದು ಠಾಣೆ, ಆರು ಕಳವಾ, ಏಳು ಮುಂಬ್ರಾ, ಎಂಟು ದಿವಾ, ಒಂಬತ್ತು ಕೋಪರ್, ಹತ್ತು ಡೊಂಬಿವಲಿ.

ಮೊದಲ ಪುಟದಲ್ಲಿ ಪ್ಲಾಟ್‌ಫಾರ್ಮಿನ ಮೇಲೆ ಒಂದು ಕೈಚೀಲ. ಎರಡನೆಯದರಲ್ಲಿ ಲೇಡೀಸ್ ಡಬ್ಬಿಯೊಳಗೆ ಕ್ಲಿಪ್ಪು, ರಬ್ಬರ್ ಬ್ಯಾಂಡು ಮಾರುವ ಇಬ್ಬರು ಹೆಂಗಸರು. ನಾಲ್ಕನೆಯದರಲ್ಲಿ ಮೂವರ ಸೀಟಿನ ತುದಿಯಲ್ಲಿ ಅರ್ಧ ಕೂತು ಅರ್ಧ ನಿಂತ ನಾಲ್ಕನೆಯವಳು; ಅದು ಅವ್ವ. ಐದರಲ್ಲಿ ಠಾಣೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟು ದೇಶದ ಮೊದಲ ಪ್ರಯಾಣಿಕರ ರೈಲು ಬಂದು ತಲುಪಿದ ಊರು ಇದೇ. ಆ ದಿನ ಗಾಡಿಗೆ ಮೂರು ಎಂಜಿನು, ಹದಿನಾಲ್ಕು ಡಬ್ಬಿ ಇದ್ದವು. ಆಕೆ ಮೂರೂ ಎಂಜಿನುಗಳಿಗೆ ಹೊಗೆ ಬಿಡಿಸಿದಳು, ಡಬ್ಬಿಗಳು ಪುಟದಲ್ಲಿ ಹಿಡಿಸದೆ ಐದಕ್ಕೇ ನಿಂತವು. ಕಳವಾಕ್ಕೆ ಮೊದಲು ಸಿಗುವ ಖಾಡಿಯ ನೀರು, ಮುಂಬ್ರಾದ ಗುಡ್ಡ, ಕೊನೆಗೆ ಎರಡನೆಯ ಮಹಡಿಯ ಬಾಗಿಲು.

ಎಣಿಸಲು ಬರುವುದಕ್ಕೂ ಎಷ್ಟಿವೆ ಎಂದು ತಿಳಿಯುವುದಕ್ಕೂ ನಡುವೆ ಮಕ್ಕಳಲ್ಲಿ ದೊಡ್ಡ ಅಂತರವಿದೆ. 1990ರಲ್ಲಿ ಕ್ಯಾರನ್ ವಿನ್ ಎಂಬ ಮನಶ್ಶಾಸ್ತ್ರಜ್ಞೆ ಇದನ್ನು ಸರಳವಾಗಿ ತೋರಿಸಿದಳು. ಹತ್ತರವರೆಗೆ ಒಪ್ಪವಾಗಿ ಹೇಳುವ ಮಗುವಿಗೆ ಆಟಿಕೆಗಳ ರಾಶಿ ತೋರಿಸಿ “ನಾಲ್ಕು ಕೊಡು” ಎಂದರೆ, ಅದು ಕೈಗೆ ಬಂದಷ್ಟನ್ನು ಬಾಚಿ ಕೊಡುತ್ತದೆ. ಸಂಖ್ಯೆಯ ಹೆಸರುಗಳು ಆ ಹಂತದಲ್ಲಿ ಮಂತ್ರದಂತೆ; ಅವುಗಳ ಹಿಂದೆ ಲೆಕ್ಕವಿನ್ನೂ ಹುಟ್ಟಿರುವುದಿಲ್ಲ. ಡೊಂಬಿವಲಿಯ ಮಗು ಹತ್ತು ಸ್ಟೇಷನ್ನುಗಳನ್ನು ಮಂತ್ರವೆಂದೇ ನಂಬಿತು. ಸಂಜೆ ಏಳಾಗುತ್ತಲೇ ಪುಸ್ತಕ ಬಿಚ್ಚಿ ಬೇಗ ಬೇಗ ಓದುತ್ತಿತ್ತು. ಬೇಗ ಓದಿದರೆ ಅವ್ವ ಬೇಗ ಬರುತ್ತಾಳೆ. ಹಲವು ದಿನ ಹಾಗೇ ಆಗುತ್ತಿತ್ತು ಕೂಡ.

ಜುಲೈನ ಒಂದು ಸಂಜೆ ಹಾಗಾಗಲಿಲ್ಲ. ಮಧ್ಯಾಹ್ನದಿಂದ ಸುರಿದ ಮಳೆಗೆ ಹಳಿಗಳ ಮೇಲೆ ನೀರು ನಿಂತು, ನಾಹೂರ್ ಬಿಟ್ಟ ಗಾಡಿ ಮುಲುಂಡಿಗೆ ಮುಟ್ಟದೆ ನಡುವೆಯೇ ನಿಂತಿತು. ಅವ್ವನಿಂದ ಒಂದು ಫೋನು ಬಂತು, ಆಮೇಲೆ ಬ್ಯಾಟರಿ ಮುಗಿದಿತ್ತು. ಮಗು ಹತ್ತು ಎಣಿಸಿ ಬಾಗಿಲು ನೋಡಿತು. ಮತ್ತೆ ಎಣಿಸಿತು. ಮೂರನೆಯ ಸಲ ಉಸಿರು ಕಟ್ಟಿ ಎಣಿಸಿ, ಬಾಗಿಲು ತೆರೆಯದಿದ್ದಾಗ ಪುಸ್ತಕ ಎಸೆದು ಅತ್ತಿತು. ಅಜ್ಜಿ ಪುಸ್ತಕ ಎತ್ತಿಕೊಂಡು, ಮೂರನೆಯ ಪುಟ ತೆಗೆದು, ಮಗುವಿನ ಬೆರಳನ್ನು ಅಲ್ಲಿ ಊರಿದರು. “ಗಾಡಿ ಇಲ್ಲಿ ನಿಂತದ ಪುಟ್ಟೀ. ಗಾಡಿ ನಿಂತಾಗ ಎಣಿಕಿನೂ ನಿಲ್ಲಬೇಕು.”

ಎಣಿಕೆ ನಿಂತ ಮೇಲೆ ಮಾಡುವುದೇನು? ಅಜ್ಜಿ ಹಿಂದಿನ ಪುಟಕ್ಕೆ ಹೋಗಿ ಯಾರು ಯಾರಿದ್ದಾರೆ ನೋಡು ಅಂದರು. “ಎರಡು ಆಂಟಿ,” ಅಂದಿತು ಮಗು. “ಎರಡು ಅನಬಾರ್ದವಾ, ಇಬ್ರು ಅನಬೇಕು. ಮಂದಿ ಅಂದ್ರ ಬದನೀಕಾಯೇನು?” ಆ ರಾತ್ರಿ ಇಬ್ಬರೂ ಗಾಡಿಯೊಳಗಿನ ಜನವನ್ನು ಎಣಿಸುತ್ತ ಕೂತರು. ಅವ್ವನ ಜೊತೆ ಯಾರಿದ್ದಾರೆ? ಕ್ಲಿಪ್ಪಿನ ಇಬ್ಬರು, ಸೀಟಿನ ಮೂವರು. ಹಾಗಾದರೆ ಅವ್ವ ಒಬ್ಬಳೇ ಇಲ್ಲ. ಅವ್ವ ಬಂದಾಗ ಹನ್ನೊಂದೂವರೆ ದಾಟಿತ್ತು. ಮಗು ಮಲಗಿತ್ತು, ಮೂರು ಮತ್ತು ನಾಲ್ಕನೆಯ ಹಾಳೆಗಳ ನಡುವೆ ಅದರ ಕೂದಲಿನ ಕ್ಲಿಪ್ಪು ಇತ್ತು.

ಅಜ್ಜಿ ಹೇಳಿದ್ದು ನಮಗೆಲ್ಲ ಗೊತ್ತಿದ್ದೂ ಮರೆತುಹೋಗುವ ಸಂಗತಿ. ಕನ್ನಡದಲ್ಲಿ ವಸ್ತುಗಳ ಎಣಿಕೆ ಬೇರೆ, ಮನುಷ್ಯರ ಎಣಿಕೆ ಬೇರೆ. ಟ್ಯಾಕ್ಸಿ ಎರಡು, ಓಡಿಸುವವರು ಇಬ್ಬರು. ಇಂಗ್ಲಿಷಿನ ಅಂಕಿಗಳಿಗೆ ಈ ಭೇದವಿಲ್ಲ. ಪಕ್ಕದ ಮರಾಠಿಯಲ್ಲಿ ಇದೆ, ದೋಘೇ, ತಿಘೇ, ಚೌಘೇ ಎಂದು. ಹಾಗಾಗಿ ರಟ್ಟಿನ ಪುಸ್ತಕವೊಂದನ್ನು ಕನ್ನಡಕ್ಕೆ ತರುವವರು ಪ್ರತಿ ಪುಟದಲ್ಲೂ ಎಣಿಸುತ್ತಿರುವುದು ಸಾಮಾನನ್ನೋ ಮನುಷ್ಯರನ್ನೋ ಎಂದು ಮೊದಲು ತೀರ್ಮಾನಿಸಬೇಕು. ಇನ್ನೊಂದು ವಿಚಿತ್ರವೂ ಇದೆ. ಒಬ್ಬ, ಇಬ್ಬರು, ಮೂವರು ಎಲ್ಲರ ಬಾಯಲ್ಲೂ ಇವೆ. ನಾಲ್ವರು, ಐವರು ಹೆಚ್ಚಾಗಿ ಬರಹದಲ್ಲಿ. ಅಲ್ಲಿಂದಾಚೆ ನಾವು ಆರು ಜನ, ಏಳು ಮಂದಿ ಎಂದುಬಿಡುತ್ತೇವೆ. ಒಂದು ಮನೆಯಲ್ಲಿ ಹಿಡಿಯುವಷ್ಟು ಮಂದಿಗೆ ಬೇರೆ ಬೇರೆ ಪದ, ಅದರಾಚೆ ಬರೀ ಜನ. 2011ರ ಜನಗಣತಿಯಲ್ಲಿ ಮುಂಬಯಿಯ ಜನ ಒಂದು ಕೋಟಿ ಇಪ್ಪತ್ತನಾಲ್ಕು ಲಕ್ಷ. ಅದರ ಗಾತ್ರ ದೊಡ್ಡವರಿಗೂ ತಲೆಗೆ ಹತ್ತದು. ಆ ಕೋಟಿಯೊಳಗಿಂದ ಇಬ್ಬರನ್ನು, ಮೂವರನ್ನು ಬಿಡಿಸಿ ಮಗುವಿನ ಮುಂದಿಟ್ಟರೆ ಆ ರಾತ್ರಿಯ ಮಟ್ಟಿಗೆ ಸಾಕಾಗುತ್ತದೆ.

ಮಳೆಯ ರಾತ್ರಿಯ ಬಳಿಕ ಮಗು ಬೇಗ ಬೇಗ ಓದುವುದನ್ನು ಬಿಟ್ಟಿತು. ಈಗ ಫೋನಿನಲ್ಲಿ “ಎಲ್ಲಿದ್ದೀ?” ಎಂದು ಕೇಳುವುದಿಲ್ಲ, “ಎಷ್ಟರಾಗ ಇದ್ದೀ?” ಎಂದು ಕೇಳುತ್ತದೆ. ಅವ್ವ “ಆರು” ಅಂದರೆ ಇನ್ನು ನಾಲ್ಕು ಉಳಿದಿವೆ ಎಂದು ಬೆರಳು ಮಡಚುತ್ತದೆ. ನಾಲ್ಕು ಎಂದರೆ ಎಷ್ಟು ಎಂಬುದು ಅದಕ್ಕೆ ಗೊತ್ತಾಗಿದ್ದು ಹೀಗೆ.

ಆ ದೀಪಾವಳಿಗೆ ಅಜ್ಜಿ ಧಾರವಾಡಕ್ಕೆ ಹಿಂತಿರುಗಿದರು. ಮೊಣಕಾಲು ನೋವಿಗೆ ಎರಡು ಮಹಡಿ ಹತ್ತಿ ಇಳಿಯುವುದು ಆಗುತ್ತಿರಲಿಲ್ಲ. ಮನೆಯ ಎಣಿಕೆ ಮೂವರಿಂದ ಇಬ್ಬರಿಗೆ ಇಳಿಯಿತು; ಶನಿವಾರ ಮಾತ್ರ ಮೂವರು. ಸಂಜೆ ಮಗು ಓಣಿಯ ಪಾಳಣಾಘರದಲ್ಲಿ ಕಾಯುತ್ತದೆ. ನೋಟ್‌ಬುಕ್ಕಿಗೆ ಇನ್ನಷ್ಟು ಹಾಳೆ ಹೊಲಿಯಬೇಕಾಯಿತು, ಏಕೆಂದರೆ ಹಳಿ ಡೊಂಬಿವಲಿಗೆ ನಿಲ್ಲುವುದಿಲ್ಲ. ಹನ್ನೊಂದು ಠಾಕುರ್ಲಿ, ಹನ್ನೆರಡು ಕಲ್ಯಾಣ. ಅಲ್ಲಿಂದ ಮುಂದೆ ಪುಣೆ, ಮಿರಜ, ಬೆಳಗಾವಿ. ಧಾರವಾಡಕ್ಕೆ ಎಷ್ಟನೆಯ ಅಂಕಿ ಎಂದು ಇನ್ನೂ ಗೊತ್ತಾಗಿಲ್ಲ, ಆ ಪುಟದ ಮೂಲೆ ಖಾಲಿಯಿದೆ.

ಏಳೂವರೆಗೆ ಪಾಳಣಾಘರದ ಬಾಯಿಯವರ ಫೋನಿಗೆ ಧಾರವಾಡದಿಂದ ಕರೆ ಬರುತ್ತದೆ. “ಎಷ್ಟರಾಗ ಇದ್ದಾಳ ನಿಮ್ಮವ್ವ?”

“ಒಂಬತ್ತು,” ಎನ್ನುತ್ತದೆ ಮಗು, ಚಪ್ಪಲಿ ಹಾಕಿಕೊಳ್ಳುತ್ತ.