ಬರೀ ನೋಡೋದಾ?

"ವೀಕೆಂಡ್ ಏನ್ ಮಾಡ್ತೀರಿ?"

ಆತ ಕೇಳಿದ್ದಕ್ಕೆ ನಾನು ಸ್ವಲ್ಪ ಉತ್ಸಾಹದಿಂದಲೇ ಹೇಳಿದೆ. ನಾಟಕ ನೋಡ್ತೀನಿ, ಸಿನಿಮಾ ನೋಡ್ತೀನಿ, ಬೆಂಗಳೂರಲ್ಲಿ ಟೆನಿಸ್ ಟೂರ್ನಿ ನಡೆದ್ರೆ ಅದಕ್ಕೂ ಹೋಗ್ತೀನಿ.

"ಟೆನಿಸ್ ಆಡ್ತೀರಾ?"

"ಇಲ್ಲ, ನೋಡ್ತೀನಿ."

"ಓ... ಬರೀ ನೋಡೋದಾ?"

ಇದು ನಡೆದದ್ದು ಜಯನಗರದ ಒಂದು ಹೋಟೆಲಿನಲ್ಲಿ. ಎರಡೂ ಮನೆಯವರು ಆಚೆ ಟೇಬಲ್ಲಿನಲ್ಲಿ ಕೂತು, ನಮ್ಮ ಕಡೆ ನೋಡದವರ ಹಾಗೆ ನೋಡುತ್ತಾ ಕಾಫಿ ಕುಡಿಯುತ್ತಿದ್ದರು. ಆತ ಒಳ್ಳೆಯ ಮನುಷ್ಯರೇ. ಭಾನುವಾರ ಬೆಳಗಿನ ಜಾವ ಎದ್ದು ನಂದಿ ಬೆಟ್ಟಕ್ಕೆ ಸೈಕಲ್ ತುಳಿಯುತ್ತಾರೆ, ಮ್ಯಾರಥಾನ್ ಓಡುತ್ತಾರೆ, ಗಿಟಾರ್ ಕಲಿಯುತ್ತಿದ್ದಾರೆ. ಅಂಥವರಿಗೆ ನಾನು ಏನೂ ಮಾಡದೆ ಕೂರುವವಳ ಹಾಗೆ ಕಂಡಿದ್ದರೆ ತಪ್ಪಿಲ್ಲ.

ಮನೆಗೆ ಬಂದ ಮೇಲೆ ಸಿಟ್ಟು ಬಂತು. ಯೋಚಿಸಿದರೆ ಆ "ಬರೀ" ನನ್ನೊಳಗೂ ಇತ್ತು. ಸೋಮವಾರ ಆಫೀಸಿನಲ್ಲಿ ಒಬ್ಬೊಬ್ಬರೂ ತಾವು ಮುಗಿಸಿದ ಕೋರ್ಸು, ಬರೆದ ಆ್ಯಪು, ಓಡಿದ ಕಿಲೋಮೀಟರಿನ ಲೆಕ್ಕ ಹೇಳುವಾಗ ನಾನು "ಏನಿಲ್ಲಪ್ಪ, ರೆಸ್ಟ್" ಅಂತ ಸುಳ್ಳು ಹೇಳುತ್ತಿದ್ದೆ.

ನೋಡೋದು ಅಷ್ಟು ಸುಲಭದ ಕೆಲಸ ಅಲ್ಲ ಅಂತ ನನಗೆ ಮೊದಲು ತಿಳಿಸಿದ್ದು ಜೆ.ಪಿ. ನಗರದ ರಂಗಶಂಕರದ ಬಾಗಿಲು. ಶಂಕರ್ ನಾಗ್ ನೆನಪಿನಲ್ಲಿ ಅರುಂಧತಿ ನಾಗ್ ಕಟ್ಟಿ ನಿಲ್ಲಿಸಿದ, 2004ರಲ್ಲಿ ಶುರುವಾದ ರಂಗಮಂದಿರ ಅದು. ಅಲ್ಲಿ ಸಂಜೆ 7.30 ಅಂದರೆ 7.30. ತಡವಾದರೆ ಯಾರಿಗೂ ಪ್ರವೇಶ ಇಲ್ಲ. ಬೆಂಗಳೂರಿಗೆ ಬಂದ ಹೊಸತರಲ್ಲಿ, ಮ್ಯಾಪ್ ತೋರಿಸಿದ ಐವತ್ತು ನಿಮಿಷವನ್ನು ನಂಬಿ ಹೊರಟು, ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಕೊಂಡು, 7.34ಕ್ಕೆ ಏದುಸಿರು ಬಿಡುತ್ತಾ ಹೋಗಿ ನಿಂತೆ. ಕೈಯಲ್ಲಿ ಟಿಕೆಟ್ ಇತ್ತು. ಬಾಗಿಲು ಹಾಕಿತ್ತು. ಅಲ್ಲಿನ ಕೆಫೆಯಲ್ಲಿ ಒಂದು ಅಕ್ಕಿರೊಟ್ಟಿ ತಿಂದು ವಾಪಸ್ ಬಂದೆ. ರೊಟ್ಟಿ ಚೆನ್ನಾಗಿತ್ತು, ಆದರೂ ದುಃಖ ಹೋಗಲಿಲ್ಲ. ಆಮೇಲಿಂದ ನಾಟಕದ ದಿನ ಐದೂವರೆಗೇ ಲ್ಯಾಪ್‌ಟಾಪ್ ಮುಚ್ಚುತ್ತೇನೆ.

ಒಳಗೆ ಹೋದ ಮೇಲೆ ಇನ್ನೊಂದು ಕಷ್ಟ. ಫೋನ್ ಆಫ್ ಆಗಬೇಕು. ಮೊದಲ ಹತ್ತು ನಿಮಿಷ ಕೈ ತಾನಾಗೇ ಬ್ಯಾಗಿನ ಕಡೆ ಹೋಗುತ್ತದೆ. ಮನೆಯಲ್ಲಿ ನಾನು ವೆಬ್‌ಸೀರೀಸನ್ನು ಒಂದೂವರೆ ಪಟ್ಟು ವೇಗದಲ್ಲಿ, ಜೊತೆಗೆ ಚಾಟ್ ಮಾಡುತ್ತಾ ನೋಡುವವಳು. ಇಲ್ಲಿ ಓಡಿಸೋಕೂ ಆಗಲ್ಲ, ಹಿಂದಕ್ಕೆ ಹೋಗೋಕೂ ಆಗಲ್ಲ. ಮೂರನೇ ಸಾಲಿನಲ್ಲಿ ಕೂತು ತೂಕಡಿಸಿದರೆ ನಟನಿಗೆ ಕಾಣುತ್ತದೆ. ಕೆಮ್ಮಿದರೆ ಕೇಳುತ್ತದೆ.

ಒಮ್ಮೆ ನಾಟಕ ಮುಗಿದು ಫೋನ್ ಆನ್ ಮಾಡಿದರೆ ಹನ್ನೊಂದು ಮಿಸ್ಡ್ ಕಾಲ್. ನಾನು ಆನ್‌ಕಾಲ್ ಇರಲಿಲ್ಲ, ಆದರೆ ಕೆಟ್ಟದ್ದು ನಾನು ಬರೆದ ಕೋಡು. ಸಹೋದ್ಯೋಗಿಯೊಬ್ಬಳು ಅಷ್ಟರಲ್ಲಿ ಹಳೇ ವರ್ಷನ್ನಿಗೆ ವಾಪಸ್ ಹಾಕಿ ಸರಿಮಾಡಿದ್ದಳು. ಮರುದಿನ ಮೀಟಿಂಗಿನಲ್ಲಿ ಮ್ಯಾನೇಜರ್ ನಗುತ್ತಲೇ, "ಡ್ರಾಮಾ ನೋಡೋಕೆ ಹೋಗಿದ್ರಂತೆ?" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಎರಡು ತಿಂಗಳು ಯಾವ ನಾಟಕಕ್ಕೂ ಹೋಗಲಿಲ್ಲ. ಈಗ ನೆನೆಸಿಕೊಂಡರೆ ಅವತ್ತು ನಕ್ಕಿದ್ದಕ್ಕೇ ಬೇಜಾರು.

ನಮ್ಮಮ್ಮ ಮಾತ್ರ ಇದರಲ್ಲಿ ನನಗಿಂತ ಗಟ್ಟಿ. ನಾವು ತೀರ್ಥಹಳ್ಳಿ ಕಡೆಯವರು. ಕೋವಿಡ್‌ಗೆ ಮುಂಚೆ ಬೆಂಗಳೂರಿನ ಕಲಾಗ್ರಾಮದಲ್ಲಿ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಆಡುತ್ತಿದ್ದಾಗ ಅಮ್ಮನನ್ನು ಕರೆಸಿಕೊಂಡಿದ್ದೆ. ಸಿ. ಬಸವಲಿಂಗಯ್ಯ ನಿರ್ದೇಶನದ ಆ ನಾಟಕ ರಾತ್ರಿ ಶುರುವಾದರೆ ಮುಗಿಯುವುದು ಬೆಳಗಿನ ಜಾವ. ಬಯಲಲ್ಲಿ ನಾಲ್ಕು ರಂಗಸ್ಥಳ. ಒಂದು ಕಡೆಯ ದೃಶ್ಯಗಳು ಮುಗಿದರೆ ಪ್ರೇಕ್ಷಕರೇ ಎದ್ದು ಇನ್ನೊಂದು ಕಡೆ ಹೋಗಿ ಕೂರಬೇಕು. ಅಮ್ಮ ಶಾಲು, ಫ್ಲಾಸ್ಕು, ಕೋಡುಬಳೆ ಡಬ್ಬಿ ಸಮೇತ ಬಂದಿದ್ದಳು. ಅವಳ ಮೊದಲ ಪ್ರಶ್ನೆ, "ಹುಲಿಯನ್ನ ಹೆಂಗೆ ತೋರಿಸ್ತಾರಂತೆ?" ಕಾದಂಬರಿಯ ನಾಯಿಗುತ್ತಿಯ ನಾಯಿ ಅದು. ನಡುರಾತ್ರಿ ದಾಟಿದ ಮೇಲೆ ನಾನು ಅವಳ ಹೆಗಲಿಗೆ ಒರಗಿದೆ. "ಏಳೇ ಮಾರಾಯ್ತಿ, ಅವ್ರು ಅಷ್ಟು ಕಷ್ಟಪಟ್ಟು ಆಡ್ತಿದಾರೆ, ನಿಂಗೆ ನೋಡೋಕಾಗಲ್ವಾ?" ಅಂತ ತಿವಿದು ಎಬ್ಬಿಸಿದಳು. ಬೆಳಗಿನವರೆಗೆ ಅವಳು ಕಣ್ಣು ಮುಚ್ಚಲಿಲ್ಲ.

ಸಿನಿಮಾಗೆ ನಾನು ಹೋಗುವುದು ಹೆಚ್ಚಾಗಿ ಒಬ್ಬಳೇ. "ಒಂದೇ ಟಿಕೆಟ್ಟಾ?" ಅಂತ ಕೌಂಟರಿನಲ್ಲಿ ಕೇಳುವುದು ಅಭ್ಯಾಸವಾಗಿದೆ. 2023ರಲ್ಲಿ 'ಡೇರ್‌ಡೆವಿಲ್ ಮುಸ್ತಫಾ' ಬಂದಾಗ ಕಾಯಲಿಲ್ಲ, ಕನ್ನಡದ ಸಣ್ಣ ಸಿನಿಮಾ ಮುಂದಿನ ಶುಕ್ರವಾರದ ತನಕ ಇರುತ್ತೆ ಅನ್ನುವ ನಂಬಿಕೆ ಇಲ್ಲ. ಪೂರ್ಣಚಂದ್ರ ತೇಜಸ್ವಿ ಅವರ ಕಥೆ, ಶಶಾಂಕ್ ಸೋಗಾಲ್ ನಿರ್ದೇಶನ, ದುಡ್ಡು ಹಾಕಿದ್ದು ತೇಜಸ್ವಿ ಓದುಗರೇ ಸೇರಿಕೊಂಡು. ಕ್ರಿಕೆಟ್ ಮ್ಯಾಚಿನ ದೃಶ್ಯದಲ್ಲಿ ಪಕ್ಕದ ಅಂಕಲ್ ಒಬ್ಬರು, ನನಗೆ ಗುರುತೇ ಇಲ್ಲದವರು, ನನ್ನ ಕಡೆ ತಿರುಗಿ "ಔಟಾ?" ಅಂದರು. ಮನೆಯ ಸೋಫಾದಲ್ಲಿ ಯಾರು ಹಾಗೆ ಕೇಳ್ತಾರೆ?

ಟೆನಿಸ್ ಕಥೆ ಬೇರೆ. 2024ರ ಫೆಬ್ರುವರಿಯಲ್ಲಿ ಅರ್ಧ ದಿನ ರಜೆ ಹಾಕಿ ಕಬ್ಬನ್ ಪಾರ್ಕಿನೊಳಗಿನ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಕ್ರೀಡಾಂಗಣಕ್ಕೆ ಹೋದೆ. ಬೆಂಗಳೂರು ಓಪನ್ ನಡೆಯುತ್ತಿತ್ತು. ಆ ಜನವರಿ ಭಾರತದ ಟೆನಿಸ್‌ಗೆ ದೊಡ್ಡ ತಿಂಗಳು. ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಿದ್ದರು. ಅದೇ ಟೂರ್ನಿಯಲ್ಲಿ ಸುಮಿತ್ ನಾಗಲ್, ಶ್ರೇಯಾಂಕಿತ ಆಟಗಾರ ಬುಬ್ಲಿಕ್‌ರನ್ನು ಸೋಲಿಸಿದ್ದರು. 1989ರಲ್ಲಿ ರಮೇಶ್ ಕೃಷ್ಣನ್ ಗೆದ್ದ ಮೇಲೆ ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್‌ನಲ್ಲಿ ಭಾರತೀಯನೊಬ್ಬ ಹಾಗೆ ಗೆದ್ದಿರಲಿಲ್ಲ. ಅದಕ್ಕೆ ಕೆಲವೇ ತಿಂಗಳ ಹಿಂದೆ ನಾಗಲ್, ತಮ್ಮ ಬ್ಯಾಂಕ್ ಖಾತೆಯಲ್ಲಿ ಉಳಿದಿರೋದು 900 ಯೂರೋ ಅಂತ ಹೇಳಿಕೊಂಡಿದ್ದರು. ಪೇಪರಿನಲ್ಲಿ ಅದನ್ನು ಓದಿ ನನ್ನ ಸಂಬಳದ ಬಗ್ಗೆ ಒಂಥರಾ ಮುಜುಗರವಾಗಿತ್ತು.

ನಾಗಲ್ ಆಡುವ ಹೊತ್ತಿಗೆ ಜನ ಸೇರುತ್ತಿದ್ದರು. ಇಲ್ಲಿ ಅವರು ಸೆಮಿಫೈನಲ್‌ನಲ್ಲಿ ಸೋತರು. ಆದರೆ ನನಗೆ ನೆನಪಿರುವುದು ಅವತ್ತು ಬೆಳಿಗ್ಗೆ ಪಕ್ಕದ ಕೋರ್ಟಿನಲ್ಲಿ ನೋಡಿದ ಮ್ಯಾಚು. ಇಬ್ಬರೂ ವಿದೇಶಿ ಹುಡುಗರು, ಇಬ್ಬರ ಹೆಸರೂ ಅದಕ್ಕೆ ಮುಂಚೆ ಕೇಳಿರಲಿಲ್ಲ. ಚಾಲೆಂಜರ್ ಅಂದರೆ ಹಾಗೇ. ಟಿವಿಯಲ್ಲಿ ಬರುವ ದೊಡ್ಡ ಟೂರ್ನಿಗಳಿಗಿಂತ ಒಂದು ಮೆಟ್ಟಿಲು ಕೆಳಗೆ, ಹೆಚ್ಚಿನವರು ಮೊದಲ ನೂರರ ಆಚೆ ನಿಂತು ಪಾಯಿಂಟಿಗಾಗಿ ಊರೂರು ಸುತ್ತುವವರು. ನೋಡೋಕೆ ಇದ್ದದ್ದು ನನ್ನನ್ನೂ ಸೇರಿಸಿ ಹನ್ನೆರಡು ಜನ. ಎಣಿಸಿದ್ದೆ.

ಬೇಸ್‌ಲೈನ್ ಹಿಂದೆ ತಗ್ಗಿನಲ್ಲಿ ಕೂತರೆ ಟೆನಿಸ್ ಬೇರೆಯೇ ಆಟ. ಟಿವಿಯ ಕ್ಯಾಮೆರಾ ಎತ್ತರದಲ್ಲಿರುವುದರಿಂದ ಎಲ್ಲ ಚಪ್ಪಟೆಯಾಗಿ ಕಾಣುತ್ತದೆ. ಇಲ್ಲಿ ಚೆಂಡು ನೆಟ್ಟಿನ ಮೇಲೆ ಆಳೆತ್ತರ ಹೋಗಿ, ಹೊರಗೇ ಬಿತ್ತು ಅನ್ನುವಷ್ಟರಲ್ಲಿ ಸ್ಪಿನ್ನಿಗೆ ಮುಗ್ಗರಿಸಿ ಗೆರೆಯ ಒಳಗೆ ಬೀಳುತ್ತದೆ. ಸರ್ವ್ ಮಾಡುವವನು ಮೂರು ಚೆಂಡು ಇಸಿದುಕೊಂಡು ಒಂದನ್ನು ವಾಪಸ್ ಕೊಡುವುದು ಶೋಕಿಗಲ್ಲ. ನಯವಾಗಿರುವ ಚೆಂಡು ಬೇಗ ಹೋಗುತ್ತದೆ, ನಾರು ಎದ್ದದ್ದು ನಿಧಾನ. ಅದಕ್ಕೇ ಮೊದಲು ಏಳು ಗೇಮಿಗೆ, ಆಮೇಲೆ ಒಂಬತ್ತು ಗೇಮಿಗೊಮ್ಮೆ ಚೆಂಡು ಬದಲಿಸುತ್ತಾರೆ.

ಇಬ್ಬರಲ್ಲಿ ಗಿಡ್ಡಗಿದ್ದವನು ಮೊದಲ ಸೆಟ್ ಸೋತ. ಅವನ ಕೋಚ್ ಅಂತ ಯಾರೂ ಕಾಣಲಿಲ್ಲ. ಎರಡನೆಯ ಸೆಟ್ಟಿನಲ್ಲಿ ಒಂದು ದೊಡ್ಡ ರ್‍ಯಾಲಿ, ಇಪ್ಪತ್ತು ಹೊಡೆತಕ್ಕಿಂತ ಜಾಸ್ತಿ. ಕೊನೆಗೆ ಓಡುತ್ತಲೇ ಅವನು ಹೊಡೆದ ಬ್ಯಾಕ್‌ಹ್ಯಾಂಡ್ ಗೆರೆ ಮೇಲೆ ಬಿತ್ತು. ಎಂಥಾ ಹೊಡೆತ! ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ಸಾಲಿನವರು ಫೋನಿನಲ್ಲಿದ್ದರು, ಇನ್ನಿಬ್ಬರು ತಿಂಡಿ ಬಿಚ್ಚುತ್ತಿದ್ದರು. ಅವನು ತಲೆಯೆತ್ತಿ ಸ್ಟ್ಯಾಂಡಿನ ಕಡೆ ನೋಡಿದ. ಯಾರಾದರೂ ನೋಡಿದಿರಾ ಅಂತ ಕೇಳುವ ಹಾಗೆ. ನಾನು ಎದ್ದು ನಿಂತು ಜೋರಾಗಿ ಚಪ್ಪಾಳೆ ತಟ್ಟಿದೆ. ಅವನು ನನ್ನ ಕಡೆ ರಾಕೆಟ್ ಸ್ವಲ್ಪ ಎತ್ತಿದ. ಆಮೇಲೆ ಮ್ಯಾಚನ್ನೂ ಸೋತ. ಬ್ಯಾಗು ತಾನೇ ಹೊತ್ತುಕೊಂಡು ಮರಗಳ ನೆರಳಿನಲ್ಲಿ ನಡೆದು ಹೋದ. ನಾನು ಕಬ್ಬನ್ ಪಾರ್ಕ್ ಸ್ಟೇಷನ್ನಿನಲ್ಲಿ ಮೆಟ್ರೊ ಹತ್ತಿ, ಎರಡು ಗಂಟೆಯ ಸ್ಟೇಟಸ್ ಕಾಲ್‌ಗೆ ಸೇರಿಕೊಂಡೆ.

ಜಯನಗರದ ಹೋಟೆಲಿನಲ್ಲಿ ಇದನ್ನೆಲ್ಲ ಹೇಳಬಹುದಿತ್ತು. ಹೇಳಲಿಲ್ಲ, "ಹೂಂ, ಬರೀ ನೋಡೋದು" ಅಂದು ಕಾಫಿ ಕುಡಿದೆ.

ಅದಾದ ಮುಂದಿನ ವಾರ ರಂಗಶಂಕರದ ಸಾಲಿನಲ್ಲಿ ನಿಂತಿದ್ದಾಗ ಅಮ್ಮನ ಫೋನ್ ಬಂತು.

"ಅವ್ರ ಮನೆಯಿಂದ ಫೋನ್ ಮಾಡಿದ್ರು ಕಣೇ, ಒಪ್ಪಿಗೆಯಂತೆ. ಏನ್ ಹೇಳ್ಲಿ?"

"ಬೇಡ ಅನ್ನಮ್ಮ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಯಾಕೆ ಅಂತ ಕೇಳಿದ್ರೆ?"

"ಆಮೇಲೆ ಹೇಳ್ತೀನಿ, 7.25 ಆಯ್ತು, ಫೋನ್ ಆಫ್ ಮಾಡ್ಬೇಕು."

"ಸರಿ ಸರಿ, ಹೋಗು, ಬಾಗ್ಲು ಹಾಕ್ಬಿಡ್ತಾರೆ," ಅಂದಳು ಅಮ್ಮ. "ಬಂದ್ಮೇಲೆ ಕಥೆ ಹೇಳು."