ಸಾಯಂಕಾಲದ ಸೊನ್ನೆ

ಹಾಲಿನ ಸಂಘಗಳ ಕಂಪ್ಯೂಟರ್ ರಿಪೇರಿಗೆ ನಾನು ಸೇರಿದಾಗ ಸ್ಕ್ರೂಡ್ರೈವರ್‌ಗಿಂತ ಹೆಚ್ಚು ಸವೆದದ್ದು ಬೈಕಿನ ಟೈರು. ನಂಗಲಿಯಿಂದ ಫೋನ್ ಬರಲಿ, ಟೇಕಲ್‌ನಿಂದ ಬರಲಿ, ಕೋಲಾರದಿಂದ ಹೊರಡಲೇಬೇಕು. ತೂಕದ ಯಂತ್ರ, ಫ್ಯಾಟ್ ನೋಡುವ ಯಂತ್ರ, ಚೀಟಿ ಕೊಡುವ ಪ್ರಿಂಟರ್ ಈ ಮೂರನ್ನೂ ನಡೆಸುವ ಸಾಫ್ಟ್‌ವೇರ್ ತಾನು ಮಾಡಿದ್ದನ್ನೆಲ್ಲ ಒಂದು ಫೈಲಿನಲ್ಲಿ ಸಾಲುಸಾಲಾಗಿ ಬರೆದಿಡುತ್ತಿತ್ತು. ಅದೇ ಲಾಗ್. ಪೆನ್‌ಡ್ರೈವ್‌ಗೆ ತುಂಬಿಕೊಂಡು ಬಂದು ತೆರೆದರೆ, ಎಷ್ಟೋ ಸಲ ಬೇಕಾದ ದಿನದ ಸಾಲುಗಳೇ ಇರುತ್ತಿರಲಿಲ್ಲ.

ಆಮೇಲೆ ಸಿಮ್ ಹಾಕುವ ಡಾಂಗಲ್ ಬಂತು. ಲಾಗನ್ನೇ ಕೋಲಾರಕ್ಕೆ ಕರೆಸಿಕೊಂಡೆವು. ದಾರಿ ಹೊಸದೇನಲ್ಲ, 1980ರ ದಶಕದಲ್ಲಿ ಎರಿಕ್ ಆಲ್‌ಮನ್ ಸೆಂಡ್‌ಮೇಲ್ ಎಂಬ ಇಮೇಲ್ ಸಾಫ್ಟ್‌ವೇರ್‌ಗಾಗಿ ಬರೆದ ಸಿಸ್‌ಲಾಗ್ ಎಂಬ ಲಾಗ್ ವ್ಯವಸ್ಥೆಯಿಂದ ಬೆಳೆದದ್ದು. ಅದರಲ್ಲಿ 0ಯಿಂದ 7ರವರೆಗೆ ಎಂಟು ಮಟ್ಟ: 0 ಅಂದರೆ ಎಲ್ಲ ಕುಸಿದಿದೆ, 3 ಅಂದರೆ ತಪ್ಪಾಗಿದೆ, 7 ಅಂದರೆ ಉಸಿರಾಡಿದ್ದನ್ನೂ ಬರೆ. ಹುರುಪಿನಲ್ಲಿ ಎಲ್ಲ ಸಂಘಗಳಿಗೂ 7 ಇಟ್ಟೆ. ಎರಡೇ ದಿನಕ್ಕೆ ಡೇಟಾ ಮುಗಿದು ಹಾಲಿನ ಲೆಕ್ಕವೇ ನಿಂತಿತು. ಬೈಗುಳ ಮಾತ್ರ ಡೇಟಾ ಇಲ್ಲದೆಯೂ ತಲುಪಿತು.

ಆಗ ಷರತ್ತು ಹಾಕುವುದನ್ನು ಕಲಿತೆ. ಎಲ್ಲರಿಗೂ 3, ದೂರು ಬಂದ ಸಂಘಕ್ಕೆ ಮಾತ್ರ 7. ಅದರಲ್ಲೂ ಕೊನೆಯ 200 ಸಾಲು ಮೆಮೊರಿಯಲ್ಲೇ ಇರಲಿ, ಫ್ಯಾಟ್ ಯಂತ್ರ ಐದು ಸೆಕೆಂಡಿನಲ್ಲಿ ಉತ್ತರ ಕೊಡದಿದ್ದರೆ ಮಾತ್ರ ಕಳಿಸು ಎಂದು ಬರೆದೆ. ಎಡವಿದ ಗಳಿಗೆಯ ಜೊತೆ ಅದಕ್ಕೆ ಮುಂಚಿನದ್ದೂ ಕೈಗೆ ಸಿಗುವ ಹಾಗೆ.

ಶ್ರೀನಿವಾಸಪುರ ತಾಲ್ಲೂಕಿನ ಒಂದು ಸಂಘದಲ್ಲಿ ಫ್ಯಾಟ್ ಆಗಾಗ 0.0 ಬರುತ್ತಿತ್ತು. "ಸಾಯಂಕಾಲ ಆದ್ರೆ ಹಿಂಗೇ ಮಾಡ್ತದೆ ಸಾರ್, ಜನ ನನ್ನ ಮೇಲೆ ಬೀಳ್ತಾರೆ" ಅಂದರು ಸೆಕ್ರೆಟರಿ. ಪಾಪ, ಹಾಲಿನ ದುಡ್ಡೆಲ್ಲ ಆ ಅಂಕಿಯ ಮೇಲೇ. ಲಾಗ್ ಬಂತು: 6.40ಕ್ಕೆ ಯಂತ್ರ ಆಫ್ ಆಗಿ ಮತ್ತೆ ಆನ್. ಮಾರನೆಯ ದಿನವೂ 6.40. ಮುಂದಿನ ವಾರ ಬೆಳಗ್ಗೆ 7.10. ವೈರು, ಪೋರ್ಟು, ಕೋಡು ಎಲ್ಲ ಜಾಲಾಡಿದೆ. ಏನೂ ಇಲ್ಲ.

ಕೊನೆಗೆ ಬೈಕೇ ಹತ್ತಿದೆ. ಸೆಕ್ರೆಟರಿಯ ಮೇಜಿನ ಮೇಲೆ ಒಂದು ನೋಟ್‌ಬುಕ್ಕು. ತಮ್ಮ ತೋಟಕ್ಕೆ ನೀರು ಬಿಡಲು ತ್ರೀ ಫೇಸ್ ಬಂದ ಹೊತ್ತನ್ನು ಅದರಲ್ಲಿ ಬರೆಯುತ್ತಿದ್ದರು. 6.40. 6.40. ಬೆಳಗ್ಗೆ 7.10. ಕರೆಂಟು ಬಂದ ಕ್ಷಣ ಊರಿನ ಆಟೋ ಸ್ಟಾರ್ಟರುಗಳೆಲ್ಲ ಒಟ್ಟಿಗೆ ಹೊಡೆದು, ಸಾವಿರ ಅಡಿ ಆಳದ ಬೋರ್‌ವೆಲ್ ಮೋಟರುಗಳು ಎದ್ದಾಗ ವೋಲ್ಟೇಜ್ ಬೀಳುತ್ತಿತ್ತು.

ಯುಪಿಎಸ್ ಹಾಕಿಸಿದೆವು. ಲಾಗಿನಲ್ಲಿ ವೋಲ್ಟೇಜ್‌ಗೂ ಒಂದು ಸಾಲು ಸೇರಿಸಿದೆ. ಸೆಕ್ರೆಟರಿ ನೋಟ್‌ಬುಕ್ಕು ನಿಲ್ಲಿಸಲಿಲ್ಲ, ನಾನೂ ನಿಲ್ಲಿಸಿ ಅನ್ನಲಿಲ್ಲ.