ಪ್ರಕೃತಿಕವಿತೆಯಲ್ಲಿ ಪ್ರತಿಮೆಯ ಗುರುತು

ವರ್ಡ್ಸ್‌ವರ್ತ್ ಕವಿಯು 1807ರಲ್ಲಿ ಪ್ರಕಟಿಸಿದ ಕವಿತೆಯ ಡ್ಯಾಫೊಡಿಲ್ ಹೂವನ್ನು ಸುಂಕಸಾಳದ ವಿದ್ಯಾರ್ಥಿಯು ಕಂಡಿರಲಾರನು. ಆದರೂ ಆ ಪ್ರತಿಮೆಯು ಅವನಿಗೆ ದುರ್ಗಮವಲ್ಲ. ಹೂವಿನ ಹೆಸರನ್ನು ಬಿಟ್ಟು ಕ್ರಿಯಾಪದವನ್ನು ಹಿಡಿದರೆ ಸಾಕು. ಕವಿಯು ತನ್ನನ್ನು ಮುಗಿಲಿಗೆ ಹೋಲಿಸಿದುದು ಉಪಮೆ. ಹೂಗಳಲ್ಲಿ ನರ್ತಕರ ನಡೆಯನ್ನು ಆರೋಪಿಸಿದುದು ಆಲಂಕಾರಿಕರ ಸಮಾಸೋಕ್ತಿಗೆ ಸಮೀಪವಾದುದು.

ಬೇಸಗೆಯಲ್ಲಿ ಬಂಡೆಗಳ ನಡುವೆ ಹರಿವ ಗಂಗಾವಳಿಯನ್ನೂ ‘ನಲಿಯುವಳು’ ಎನ್ನಬಹುದು. ಆದರೆ 2024ರ ಜುಲೈ 16ರಂದು ಅದೇ ಹೊಳೆಯ ದಂಡೆಯ ಶಿರೂರಿನಲ್ಲಿ ಗುಡ್ಡವು ಕುಸಿದು ಮನುಷ್ಯರನ್ನು ನೀರಿಗೆ ತಳ್ಳಿತು. ಅಂದಿನ ಪ್ರವಾಹವನ್ನು ಕುರಿತು ‘ನಲಿದಳು’ ಎಂದರೆ ಅಲಂಕಾರವುಂಟು, ಔಚಿತ್ಯವಿಲ್ಲ. ಪ್ರತಿಮೆಯ ಹೆಸರನ್ನು ಹೇಳಿದಲ್ಲಿಗೆ ಗುರುತು ಮುಗಿಯದು. ಕಂಡ ಹೊಳೆಗೆ ಆ ಮಾತು ಸಲ್ಲುವುದೇ ಎಂದು ವಿಚಾರಿಸಿದಾಗಲೇ ಅದು ಪೂರ್ಣವಾಗುವುದು.